ಕೋಲಣ್ಣನ ಕಿವಿಯೊಳಗಿನ ಸದ್ದು

ನೆಲದಡಿಯ ನೀರಿಗೆ ಕಿವಿಗೊಟ್ಟು ಸಂಬಳ ತೆಗೆದುಕೊಳ್ಳುವವರೂ ಇದ್ದಾರೆ ಎಂದರೆ ಎಷ್ಟೋ ಜನ ನಗುತ್ತಾರೆ. ಕೋಲಣ್ಣ ಅಂಥವನು. ನೀರು ಸರಬರಾಜು ಕಚೇರಿಯಲ್ಲಿ ಅವನ ಹುದ್ದೆಗೆ ಏನೋ ಉದ್ದನೆಯ ಹೆಸರಿತ್ತು. ಆದರೆ ಒಂದಾಳುದ್ದದ ಉಕ್ಕಿನ ಸರಳನ್ನು ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿ ಅಲೆಯುವವನನ್ನು ಜನ ಕೋಲಣ್ಣ ಎಂದು ಕರೆದರು. ಕೊನೆಗೆ ಸಂಬಳ ಕೊಡುವವರೂ ಹಾಗೇ ಕರೆಯತೊಡಗಿದರು. ಆ ಕೋಲಿನ ಒಂದು ತುದಿ ಚೂಪು, ಇನ್ನೊಂದು ತುದಿಗೆ ಮರದ ಪುಟ್ಟ ಬಟ್ಟಲು. ಚೂಪು ತುದಿಯನ್ನು ವಾಲ್ವಿನ ಮೇಲೆ ಊರಿ, ಬಟ್ಟಲಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಪಕ್ಕದಲ್ಲಿ ಸೀನುವುದಕ್ಕೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ಗಟ್ಟಿಯಾಗಿರುವ ಪೈಪು ಸುಮ್ಮನಿರುತ್ತದೆ. ಸೋರುವ ಪೈಪು ಸಣ್ಣಗೆ ಕುಯ್‌ಗುಡುತ್ತದೆ, ಎಲ್ಲೋ ಮೂರು ಬೀದಿ ಆಚೆ ಯಾರೋ ತುಟಿ ಬಿಗಿಹಿಡಿದು ಸೀಟಿ ಊದುತ್ತಿರುವ ಹಾಗೆ.

ಆ ಕಚೇರಿಯಲ್ಲಿ ಹಳೆಯ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಒಂದು ಕಿವಿಯನ್ನು ನಂಬಿ ಯಾರೂ ರಸ್ತೆ ಅಗೆಯುವಂತಿಲ್ಲ, ಅಗೆಯದೆ ಬಿಡುವಂತೆಯೂ ಇಲ್ಲ. ಒಂದೊಂದು ವಾಲ್ವಿನ ಹತ್ತಿರವೂ ಇಬ್ಬರು ಒಬ್ಬರಾದ ಮೇಲೆ ಒಬ್ಬರು ಕೇಳಬೇಕು. ಕೇಳಿದವನು ತುಟಿ ಪಿಟಕ್ಕೆನ್ನಬಾರದು. ಆಮೇಲೆ ಇಬ್ಬರೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಎದುರುಬದುರು ನಿಂತು, ಒಟ್ಟಿಗೆ ಮುಂದಕ್ಕೆ ತೋರಿಸಬೇಕು. ಮುಷ್ಟಿ ಎಂದರೆ ಒಣ. ಬಿಚ್ಚಿದ ಅಂಗೈ ಎಂದರೆ ನೀರು. ಎರಡು ಮುಷ್ಟಿ ಬಂದರೆ ಮುಂದಿನ ವಾಲ್ವಿಗೆ. ಎರಡು ಅಂಗೈ ಬಂದರೆ ಗುದ್ದಲಿ. ಒಂದೊಂದು ಬಂದರೆ ಮತ್ತೆ ಮೊದಲಿನಿಂದ. ದಾರಿಹೋಕರಿಗೆ ಇದು ದೊಡ್ಡವರಿಬ್ಬರು ಮಕ್ಕಳಾಟ ಆಡುತ್ತಿರುವಂತೆ ಕಾಣುತ್ತಿತ್ತು.

ಕೋಲಣ್ಣನ ಜೋಡಿ ಎಂದರೆ ಮೇಸ್ತ್ರಿ. ಕೆಲಸ ಕಲಿಸಿದವನೂ ಅವನೇ. ನಿವೃತ್ತಿಗೆ ಇನ್ನು ಸ್ವಲ್ಪವೇ ಉಳಿದಿದ್ದ, ಮೈಯೆಲ್ಲ ಮೂಳೆಯ, ಬಾಯಿ ತೆರೆದರೆ ಕೀಟಲೆಯ ಮುದುಕ. ಕೋಲಣ್ಣನ ಹೆಂಡತಿಯನ್ನು ಕಂಡಾಗಲೆಲ್ಲ, "ಏನಮ್ಮಾ ಟೀಚರಮ್ಮ, ನಿನ್ನ ಗಂಡನಿಗೆ ನೀನು ಬೈದದ್ದು ಬಿಟ್ಟು ಊರಿಗೂರೇ ಕೇಳಿಸುತ್ತೆ ನೋಡು," ಎನ್ನುತ್ತಿದ್ದ.

ಟೀಚರಮ್ಮ ಎಂದು ಅವಳಿಗೆ ಹೆಸರು ಬಂದದ್ದು ಶಿಶುವಿಹಾರದಿಂದ. ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರದ ಒಂದು ಇಳಿಜಾರು ಬೀದಿಯಲ್ಲಿ, ಹಳೆಯ ಮನೆಯೊಂದರ ಕೆಳ ಅಂತಸ್ತಿನಲ್ಲಿ ಆ ಶಿಶುವಿಹಾರವಿತ್ತು. ಎರಡು ಕೋಣೆ, ಒಂದು ಜಗುಲಿ, ಗೋಡೆಯುದ್ದಕ್ಕೂ ಮಕ್ಕಳ ಕೈಗೆಟುಕುವ ಎತ್ತರದ ಕೊಕ್ಕೆಗಳು, ಕೊಕ್ಕೆಗಳಲ್ಲಿ ಪುಟ್ಟ ಚೀಲಗಳು. ಅವಳ ಮಗಳು ಗುಬ್ಬಿಯೂ ಅಲ್ಲಿಗೇ ಬರುತ್ತಿದ್ದಳು; ಇನ್ನೂ ಮಾತು ಸರಿಯಾಗಿ ಬಾರದ, ಕಂಡದ್ದನ್ನೆಲ್ಲ ಎಳೆಯುವ ವಯಸ್ಸು.

ಟೀಚರಮ್ಮ ಹೆದರುಪುಕ್ಕಲಿ. ಇದನ್ನು ಅವಳೇ ಒಪ್ಪುತ್ತಿದ್ದಳು. ಗುಬ್ಬಿ ಹೆಚ್ಚು ಹೊತ್ತು ನಿದ್ದೆ ಮಾಡಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು; ಕಡಿಮೆ ನಿದ್ದೆ ಮಾಡಿದರೆ ಮೈ ಮುಟ್ಟಿ ಜ್ವರ ನೋಡುವಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವಳು. ಹೀಗೆ ಸದಾ ಹೆದರುವವರ ಪಾಡು ಒಂದೇ. ನಿಜವಾಗಿ ಹೆದರಬೇಕಾದದ್ದು ಎದುರಿಗೆ ಬಂದಾಗ ಮನೆಮಂದಿ ಇರಲಿ, ತಮ್ಮ ಮಾತನ್ನು ತಾವೇ ನಂಬುವುದಿಲ್ಲ.

ಮೊದಲು ಕೈಕೊಟ್ಟದ್ದು ಶಿಶುವಿಹಾರದ ಬಾಗಿಲು. ಒಂದು ಬೆಳಗ್ಗೆ ಅದು ಚೌಕಟ್ಟಿಗೆ ಕಚ್ಚಿಕೊಂಡಿತು. ಭುಜ ಕೊಟ್ಟು ನೂಕಬೇಕಾಯಿತು. ಮಳೆಗಾಲವಾಗಿದ್ದರೆ ಮರ ಉಬ್ಬಿದೆ ಎನ್ನಬಹುದಿತ್ತು, ಹೊರಗೆ ಸುಡುಬಿಸಿಲು. ಆಮೇಲೆ ನಲ್ಲಿಯ ನೀರು ಸಣ್ಣದಾಯಿತು, ಬಕೆಟಿನ ತಳದಲ್ಲಿ ಕೆಮ್ಮಣ್ಣು ಕೂರತೊಡಗಿತು. ಜಗುಲಿಯ ಒಂದು ಮೂಲೆಯ ಟೈಲ್ಸ್ ಮೇಲೆ ಮಕ್ಕಳು ಕುಣಿದರೆ ಬೇರೆ ಸದ್ದು ಬರುತ್ತಿತ್ತು, ಖಾಲಿ ಡಬ್ಬಿ ಬಡಿದ ಹಾಗೆ. ಮಕ್ಕಳಿಗೆ ಅದೇ ಮೋಜು. ಸಾಲಾಗಿ ನಿಂತು ಅದೇ ಮೂಲೆಯಲ್ಲಿ ಕುಣಿಯುತ್ತಿದ್ದರು.

"ನೆಲದ ಕೆಳಗೆ ಏನೋ ಸರಿಯಿಲ್ಲ," ಎಂದಳು ಅವಳು ದೊಡ್ಡ ಟೀಚರಿಗೆ. ಶಿಶುವಿಹಾರ ನಡೆಸುವ ಹೆಂಗಸು ಅವರು. ಗಂಟಲು ದೊಡ್ಡದು, ಮನಸ್ಸು ಒಳ್ಳೆಯದು.

"ಹೋದ ತಿಂಗಳು ಸೀಲಿಂಗ್ ಫ್ಯಾನ್ ಬೀಳುತ್ತೆ ಅಂದೆ. ಅದಕ್ಕೂ ಮುಂಚೆ ಎದುರಿನ ಮರ ಬೀಳುತ್ತೆ ಅಂದೆ. ಈಗ ಕೆಳಗೆ ಇಳಿದಿದ್ದೀಯ," ಎಂದು ನಕ್ಕರು ಅವರು. "ಅಷ್ಟು ಅನುಮಾನ ಇದ್ರೆ ಮನೇಲೇ ಇದ್ದಾನಲ್ಲ ನಿನ್ನ ಗಂಡ, ಕರೆದು ಕೇಳಿಸು. ಅವನು ಒಣ ಅಂದ್ರೆ ಒಣ."

ಬೀದಿಯವರೆಲ್ಲರ ಮಾತೂ ಅದೇ ಆಗಿತ್ತು. ಕೋಲಣ್ಣ ಒಣ ಅಂದರೆ ಒಣ.

ಆದರೆ ಮನೆಯಲ್ಲಿ ಕೋಲಣ್ಣ ಮೊದಲಿನ ಕೋಲಣ್ಣನಾಗಿ ಉಳಿದಿರಲಿಲ್ಲ. ಹಿಂದೆಲ್ಲ ಅವನಿಗೆ ಸದ್ದೆಂದರೆ ಆಗುತ್ತಿರಲಿಲ್ಲ. ಚಮಚ ಕೆಳಗೆ ಬಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದ. "ಕಿವಿ ಬೇಕು ಕಣೇ ನಂಗೆ, ಹೊಟ್ಟೆಪಾಡು ಅದು," ಎನ್ನುತ್ತಿದ್ದ. ಈಗ ಮನೆಗೆ ಬಂದ ಕೂಡಲೇ ಟೀವಿ ಹಚ್ಚುತ್ತಿದ್ದ, ಫ್ಯಾನನ್ನು ಪೂರ್ತಿ ತಿರುಗಿಸುತ್ತಿದ್ದ, ಸ್ನಾನದ ಕೋಣೆಯ ನಲ್ಲಿಯನ್ನು ಸಣ್ಣಗೆ ಬಿಟ್ಟೇ ಮಲಗುತ್ತಿದ್ದ. ನೀರು ಪೋಲಾಗುವುದನ್ನು ಕಂಡರೆ ಉರಿದುಬೀಳುತ್ತಿದ್ದ ಮನುಷ್ಯ! ಮಲಗಿದರೂ ನಿದ್ದೆಯಿಲ್ಲ. ದವಡೆ ಕಟಕಟ ಕಡಿಯುತ್ತ ಗೋಡೆ ನೋಡುತ್ತಿದ್ದ. ಎರಡು ದಿನ ಬುಗುರಿಯ ಹಾಗೆ ತಿರುಗಿ, ಮೂರನೆಯ ದಿನ ಹೆಣದ ಹಾಗೆ ಬೀಳುತ್ತಿದ್ದ. ಯಾರೂ ಬೆಲ್ ಒತ್ತದಿದ್ದರೂ ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದ. ತೆಗೆದು, ಖಾಲಿ ಮೆಟ್ಟಿಲು ನೋಡಿ, ಮೆಲ್ಲಗೆ ಮುಚ್ಚುತ್ತಿದ್ದ.

"ಯಾರ್ರೀ?"

"ಯಾರೂ ಇಲ್ಲ."

"ಮತ್ತೆ ಯಾಕೆ ಎದ್ರಿ?"

"ಗಾಳಿ ಬೇಕಿತ್ತು."

ಕೆಲಸ ಜಾಸ್ತಿಯಾಗಿದೆ ಎಂದು ಅವಳು ಸಮಾಧಾನ ಮಾಡಿಕೊಂಡಳು. ಅದು ಸುಳ್ಳೂ ಅಲ್ಲ. ಕೇಳುವ ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ, ಅವರ ಬೀದಿಗಳೆಲ್ಲ ಕೋಲಣ್ಣ ಮತ್ತು ಮೇಸ್ತ್ರಿಯ ಪಾಲಿಗೆ ಬಂದಿದ್ದವು. ಊರು ಏಳುವ ಮುಂಚೆ ಕೇಳುವ ಕೆಲಸ, ಊರು ಎದ್ದ ಮೇಲೆ ಅಗೆಯುವವರ ಹಿಂದೆ ಓಡುವ ಕೆಲಸ.

ಒಂದು ಭಾನುವಾರ ಬೆಳಗ್ಗೆ, ಅವಳ ಕಾಟ ತಾಳಲಾರದೆ, ಇಬ್ಬರೂ ಶಿಶುವಿಹಾರದ ಬೀದಿಗೆ ಬಂದರು. ಅಂಗಡಿಗಳು ಮುಚ್ಚಿದ್ದವು, ಬೀದಿ ನಿಶ್ಶಬ್ದವಾಗಿತ್ತು. ಅವಳು ಗುಬ್ಬಿಯ ಬಾಯಿಗೆ ಬಿಸ್ಕತ್ತು ಕೊಟ್ಟು ಸುಮ್ಮನಿರಿಸಿದಳು. ಕೋಲಣ್ಣ ಗೇಟಿನೆದುರಿನ ವಾಲ್ವಿನ ಮೇಲೆ ಕೋಲಿಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತು ನಿಂತ. ಹಣೆಯ ಮೇಲೆ ಬೆವರು ಮೂಡಿತು. ಅವನು ಯಾರೊಂದಿಗೋ ಜಗಳವಾಡುತ್ತಿರುವಂತೆ ಮುಖ ಸೆಟೆದುಕೊಂಡಿತ್ತು. ಆಮೇಲೆ ಮೇಸ್ತ್ರಿ ಕೇಳಿದ. ಇಬ್ಬರೂ ಬೆನ್ನ ಹಿಂದೆ ಕೈ ಕಟ್ಟಿ ಎದುರುಬದುರು ನಿಂತರು.

ಎರಡೂ ಕೈ ಮುಂದೆ ಬಂದವು. ಎರಡು ಮುಷ್ಟಿ.

"ಒಣ," ಎಂದ ಮೇಸ್ತ್ರಿ. "ಸುಮ್ನೆ ಭಾನುವಾರ ಹಾಳು ಮಾಡಿದ್ಯಲ್ಲಮ್ಮ. ಬಾಗಿಲು ಕಚ್ಚಿಕೊಂಡರೆ ಬಡಗಿಯನ್ನು ಕರೀಬೇಕು, ನಮ್ಮನ್ನಲ್ಲ."

ಅವಳ ಎದೆ ಮೇಲಿನ ಭಾರ ಇಳಿಯಿತು. ಇಳಿದರೂ ಒಂದು ಸಣ್ಣ ವಿಷಯ ಕಣ್ಣಲ್ಲಿ ಉಳಿಯಿತು. ಮೇಸ್ತ್ರಿಯ ಮುಷ್ಟಿ ಒಂದು ಗಳಿಗೆ ತಡವಾಗಿ ಬಂದಿತ್ತು. ಮತ್ತು ಮುದುಕ ಕೋಲಣ್ಣನ ಮುಖವನ್ನು ನೋಡುತ್ತಿರಲಿಲ್ಲ, ಅವನ ಮೊಣಕೈಯನ್ನು ನೋಡುತ್ತಿದ್ದ. ನನ್ನದೊಂದು ಹುಚ್ಚು ಎಂದುಕೊಂಡು ಅವಳು ಮರುದಿನ ಮಕ್ಕಳನ್ನು ಅದೇ ಜಗುಲಿಯಲ್ಲಿ ಕೂರಿಸಿ ಹಾಡು ಹೇಳಿಕೊಟ್ಟಳು.

ಸುಡುಬಿಸಿಲಿನಲ್ಲೂ ಕೋಲಣ್ಣ ತುಂಬುತೋಳಿನ ಅಂಗಿ ತೊಡುತ್ತಿದ್ದುದನ್ನು ಅವಳು ಗಮನಿಸದೆ ಇರಲಿಲ್ಲ. ಕೇಳಿದರೆ ಸೊಳ್ಳೆ ಎನ್ನುತ್ತಿದ್ದ. ಒಂದು ಸಂಜೆ ಅವನು ನೆಲದ ಮೇಲೆ ಕೂತು ಟೀ ಕುಡಿಯುವಾಗ ಗುಬ್ಬಿ ತೊಡೆ ಹತ್ತಿ ತೋಳಿನ ಗುಂಡಿ ಎಳೆಯಿತು. ಗುಂಡಿ ಕಿತ್ತು ಬಂತು, ತೋಳು ಮೇಲೆ ಸರಿಯಿತು. ಮೊಣಕೈಯ ಒಳಮಗ್ಗುಲಲ್ಲಿ ಸಾಲಾಗಿ ಚುಕ್ಕೆಗಳು, ಕೆಲವು ಹಳೆಯವು, ಕಪ್ಪಗಾದವು, ಕೆಲವು ಕೆಂಪು. ಒಂದು ಕಡೆ ನರ ಹಗ್ಗದ ಹಾಗೆ ಗಟ್ಟಿಯಾಗಿ ಮೇಲೆದ್ದಿತ್ತು. ಮಗು ಅದರ ಮೇಲೆ ಬೆರಳಿಟ್ಟು, "ಉಬ್ಬು," ಎಂದಿತು.

ಅವಳ ಕೈಲಿದ್ದ ಲೋಟ ಕೈಯಲ್ಲೇ ಉಳಿಯಿತು. ಅವನು ತೋಳು ಕೆಳಗೆಳೆಯಲಿಲ್ಲ. ಎಳೆದು ಪ್ರಯೋಜನವಿಲ್ಲವೆಂದು ಅವನಿಗೂ ಗೊತ್ತಾಗಿತ್ತು.

"ಏನಿದು?"

"ಕೆಲಸಕ್ಕೆ ಕಣೇ."

"ಯಾವ ಕೆಲಸಕ್ಕೆ ತೋಳು ತೂತು ಮಾಡ್ಕೋತಾರೆ? ಮಗು ಮುಂದೆ ಸುಳ್ಳು ಹೇಳಬೇಡಿ."

ಆಗ ಅವನು ಹೇಳಿದ. ತಡವರಿಸುತ್ತ, ನಡುನಡುವೆ ದವಡೆ ಕಡಿಯುತ್ತ. ಪಂಪ್‌ಹೌಸಿನ ಆಪರೇಟರ್ ಒಬ್ಬ ಮೊದಲು ಮಾತ್ರೆ ಕೊಟ್ಟನಂತೆ, ನಿದ್ದೆ ಓಡಿಸುವ ಮಾತ್ರೆ. ಆಮೇಲೆ ಅದನ್ನೇ ಸೂಜಿಯಲ್ಲಿ ತೆಗೆದುಕೊಂಡರೆ ಇನ್ನೂ ಚುರುಕು ಎಂದನಂತೆ.

"ಚುರುಕು ಅಲ್ಲ ಕಣೇ, ಹೆಂಗೆ ಹೇಳ್ಲಿ. ಮೊದಲ ಸಲ ಕೋಲಿಗೆ ಕಿವಿ ಇಟ್ಟಾಗ ಇಡೀ ಬೀದಿ ಬಾಯಿ ಬಿಟ್ಟ ಹಾಗಾಯ್ತು. ಯಾರ ಮನೆ ಟ್ಯಾಂಕು ತುಂಬ್ತಿದೆ, ಯಾವ ತಿರುವಿನಲ್ಲಿ ನೀರು ಗೋಡೆಗೆ ಬಡೀತಿದೆ, ಎಲ್ಲ ಬೇರೆ ಬೇರೆ ಕೇಳಿಸ್ತು. ಮೇಸ್ತ್ರಿಗೂ ಯಾವತ್ತೂ ಅಷ್ಟು ಕೇಳಿಸಿರಲಿಕ್ಕಿಲ್ಲ. ನಾನು ಅದನ್ನ ತಗೊಂಡದ್ದು ಮಜಕ್ಕಲ್ಲ. ಕಿವಿಗೆ."

"ಈಗ?"

ಅವನು ಟೀವಿ ಕಡೆ ನೋಡಿದ. ಟೀವಿಯಲ್ಲಿ ಯಾರೋ ಕೂಗಾಡುತ್ತಿದ್ದರು.

"ಈಗ ಒಂದು ಸದ್ದು. ಸಣ್ಣಗೆ, ಕುಯ್ಯ್ ಅಂತ. ಮೊದಮೊದಲು ಸೂಜಿ ತಗೊಂಡ ಮೇಲೆ ಬಂದು ಹೋಗೋದು. ಈಗ ಹೋಗೋದೇ ಇಲ್ಲ."

"ಯಾವಾಗಿಂದ?"

"ಮೊನ್ನೆ ಮೊನ್ನೆಯಿಂದ."

ಗುಬ್ಬಿಯನ್ನು ಶಿಶುವಿಹಾರದಲ್ಲಿ ಬಿಟ್ಟು, ಕಿವಿಯ ಡಾಕ್ಟರ ಹತ್ತಿರ ಅವಳೇ ಅವನನ್ನು ಕರೆದುಕೊಂಡು ಹೋದಳು. ಹೋಗುವ ದಾರಿಯುದ್ದಕ್ಕೂ ಅವನು, "ಕಚೇರಿಗೆ ಗೊತ್ತಾದ್ರೆ ಕೋಲು ಕಿತ್ಕೋತಾರೆ," ಎಂದು ಗೊಣಗುತ್ತಲೇ ಇದ್ದ. ದಪ್ಪ ಗೋಡೆಯ ಪುಟ್ಟ ಕೋಣೆಯೊಂದರಲ್ಲಿ ಅವನನ್ನು ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರು. ಗಾಜಿನ ಆಚೆ ನಿಂತ ಅವಳಿಗೆ ಅವನ ಹೆಬ್ಬೆರಳು ಕಾಣುತ್ತಿತ್ತು. ಬೇಕಾದಾಗ ಅದು ಅಲುಗಲಿಲ್ಲ. ಬೇಡದಾಗ ಒತ್ತಿ ಒತ್ತಿ ಹಾಕಿತು.

ಡಾಕ್ಟರು ವಯಸ್ಸಾದ ಹೆಂಗಸು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ಒಳಗಿವಿಗೆ ರಕ್ತ ತಲುಪೋದು ಕೂದಲೆಳೆಯಂಥ ಒಂದೇ ನಾಳದಿಂದಪ್ಪ," ಎಂದರು ಅವರು. "ಬೇರೆ ಕಡೆಯೆಲ್ಲ ಒಂದು ನಾಳ ಕಟ್ಟಿದರೆ ಇನ್ನೊಂದು ನಾಳ ಸ್ವಲ್ಪವಾದರೂ ನಿಭಾಯಿಸುತ್ತೆ. ಅಲ್ಲಿ ಹಾಗಿಲ್ಲ."

"ಬದಲಿ ಲೈನಿಲ್ಲ," ಎಂದ ಕೋಲಣ್ಣ.

"ಹ್ಞಾ, ಹಾಗೇ ಅಂದುಕೊ. ನೀನು ತಗೊಳ್ಳೋ ಔಷಧಿ ರಕ್ತನಾಳಗಳನ್ನ ಹಿಂಡುತ್ತೆ, ಜೊತೆಗೇ ರಕ್ತದ ಒತ್ತಡ ಏರಿಸುತ್ತೆ. ನುಂಗಿದರೆ ನಿಧಾನಕ್ಕೆ ಏರುತ್ತೆ. ನೇರ ನರಕ್ಕೆ ಚುಚ್ಚಿದರೆ ಒಂದೇ ಏಟಿಗೆ."

"ವಾಲ್ವನ್ನ ದಿಢೀರ್ ತೆಗೆದ ಹಾಗೆ," ಎಂದ ಅವನು, ತನಗೇ ಎಂಬಂತೆ. "ಪೈಪು ಬಡಕೊಳ್ಳುತ್ತೆ."

"ಒಳಗಿವಿಯಲ್ಲಿ ಸದ್ದು ಹಿಡಿಯೋ ಸಣ್ಣ ಸಣ್ಣ ಕೂದಲಿನಂಥ ಜೀವಕಣಗಳಿವೆ. ಅವಕ್ಕೆ ರಕ್ತ ಸಾಲದೆ ಹೋದರೆ ಬಳಲುತ್ತವೆ, ಕೆಲವು ಸಾಯುತ್ತವೆ. ಸತ್ತದ್ದು ಮತ್ತೆ ಚಿಗುರೋದಿಲ್ಲ. ಇನ್ನು ನೀನು ಮಾತ್ರೆ ಪುಡಿ ಮಾಡಿ ಚುಚ್ಚಿಕೊಂಡಿದ್ದೀಯ ಅಂತೀಯ. ಮಾತ್ರೆಯಲ್ಲಿ ಔಷಧಿ ಮಾತ್ರ ಇರೋದಿಲ್ಲ, ಗಟ್ಟಿ ನಿಲ್ಲೋಕೆ ಸೀಮೆಸುಣ್ಣದಂಥ ಪುಡಿಗಳೂ ಇರುತ್ತವೆ. ಅವು ಹೋಗಿ ಇಂಥ ಸಣ್ಣ ನಾಳಗಳಲ್ಲೇ ಸಿಕ್ಕಿಕೊಳ್ಳಬಹುದು. ಕಿವಿಯಲ್ಲಿ, ಕಣ್ಣಲ್ಲಿ, ಶ್ವಾಸಕೋಶದಲ್ಲಿ. ನಿನಗೆ ಇದರಲ್ಲಿ ಯಾವುದು ಎಷ್ಟು ಆಗಿದೆ ಅಂತ ನಾನು ಖಚಿತವಾಗಿ ಹೇಳಲಾರೆ."

"ಹಾಗಾದ್ರೆ ಈ ಸದ್ದು ಎಲ್ಲಿಂದ ಬರ್ತಿದೆ ಡಾಕ್ಟ್ರೇ?" ಎಂದು ಅವಳು ಕೇಳಿದಳು. "ಕಿವಿಯಿಂದ ತಾನೆ?"

"ಬಹಳ ಸಲ ಮಿದುಳಿಂದಮ್ಮ. ಕಿವಿಯಿಂದ ಬರಬೇಕಾದ ಸುದ್ದಿ ಬರದೇ ಹೋದರೆ ಮಿದುಳು ಸುಮ್ಮನಿರೋದಿಲ್ಲ. ಇನ್ನೂ ಜೋರಾಗಿ ಕಿವಿಗೊಡುತ್ತೆ, ತನ್ನೊಳಗಿನ ಗದ್ದಲವನ್ನೇ ಎತ್ತಿ ಕೇಳಿಸಿಕೊಳ್ಳುತ್ತೆ. ಅದರ ಮೇಲೆ ಈ ಔಷಧಿ ಮಿದುಳನ್ನ ಕೆರಳಿಸುತ್ತೆ, ನಿದ್ದೆ ಬೇರೆ ಇಲ್ಲ, ಹಲ್ಲು ಕಡಿದು ಕಡಿದು ದವಡೆ ಬಿಗಿದಿದೆ. ಎಲ್ಲ ಸೇರಿ ಸದ್ದಿಗೆ ಗೊಬ್ಬರ ಹಾಕುತ್ತವೆ."

"ನಿಲ್ಲಿಸಿದರೆ ಹೋಗುತ್ತಾ?" ಎಂದ ಅವನು.

"ಕೆಲವರಿಗೆ ಇಳಿಯುತ್ತೆ. ಕೆಲವರಿಗೆ ಉಳಿಯುತ್ತೆ. ನಿಲ್ಲಿಸದಿದ್ದರೆ ಕಿವಿಯೊಂದೇ ಹೋಗೋದಲ್ಲ, ಅದು ನೆನಪಿರಲಿ. ಒಬ್ಬನೇ ಒದ್ದಾಡಬೇಡ, ಬಿಡಿಸೋಕೆ ಅಂತಲೇ ಕೆಳಗಿನ ಮಹಡಿಯಲ್ಲಿ ಡಾಕ್ಟರಿದ್ದಾರೆ. ಇವತ್ತೇ ಹೋಗಿ ಬಾ. ಎಷ್ಟು ದಿನದಿಂದ ಸದ್ದು?"

"ಒಂದೆರಡು ತಿಂಗಳು."

ಮೊನ್ನೆ ಮೊನ್ನೆ ಎಂದದ್ದು ಅಷ್ಟರಲ್ಲೇ ತಿಂಗಳುಗಳಾಗಿದ್ದವು. ಅವಳು ಅವನ ಮುಖ ನೋಡಿದಳು.

ಕೆಳಗಿನ ಮಹಡಿಯ ಬಾಗಿಲೆದುರು ಬೆಂಚಿನ ಮೇಲೆ ಸರದಿಗಾಗಿ ಕೂತಿದ್ದಾಗ ಅವಳಿಗೆ ಆ ಪ್ರಶ್ನೆ ಬಂತು.

"ರೀ. ನಿಮ್ಮ ಕಿವಿಯೊಳಗಿನ ಸದ್ದು, ಅದು ಎಂಥ ಸದ್ದು?"

"ಹೇಳಿದೆನಲ್ಲ. ಕುಯ್ಯ್ ಅಂತ."

"ಸೋರೋ ಪೈಪಿನ ಥರಾನಾ?"

ಅವನು ಬೆಂಚಿನ ಅಂಚನ್ನು ಉಗುರಿನಿಂದ ಕೆರೆದ.

"ಹೇಳ್ರೀ!"

"ಅದೇ," ಎಂದ. "ತದ್ವತ್ ಅದೇ. ಮೊದಲು ಗೊತ್ತಾಗಲಿಲ್ಲ. ಎಲ್ಲಿ ಕೋಲಿಟ್ಟರೂ ನೀರು ಅಂತ ಅಂಗೈ ತೋರಿಸಿದೆ. ಎರಡು ಕಡೆ ಅಗೆಸಿದೆ, ಎರಡೂ ಒಣ. ಅಗೆಯೋರು ಮುಖದ ಮೇಲೇ ನಕ್ಕರು. ಆಮೇಲೆ ಒಂದು ಉಪಾಯ ಮಾಡ್ಕೊಂಡೆ. ಆ ಸದ್ದು ಹೆಂಗೂ ನನ್ನದೇ ಅಲ್ವಾ. ಅದನ್ನ ಕಳೆದುಬಿಡೋದು. ಅದು ಬಿಟ್ಟು ಬೇರೆ ಏನಾದರೂ ಕೇಳಿಸಿದರೆ ಮಾತ್ರ ನೀರು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪೈಪು ನಿಜವಾಗಿ ಸೋರಿ ಕುಯ್‌ಗುಟ್ಟಿದರೂ ಅದು ತನ್ನದೇ ಕಿವಿಯದು ಎಂದು ಇವನು ಪಕ್ಕಕ್ಕೆ ತಳ್ಳುತ್ತಿದ್ದ. ಗೇಟಿನೆದುರು ಬೆವರುತ್ತ ನಿಂತು ಅವನು ಜಗಳವಾಡಿದ್ದು ಆ ಸದ್ದಿನ ಜೊತೆಗೆ.

"ಹಾಗಾದ್ರೆ ನಮ್ಮ ಶಿಶುವಿಹಾರದ ಬೀದಿ?"

"ನಾನೊಬ್ಬನೇ ಅಲ್ವಲ್ಲ," ಎಂದ ಅವನು ಅವಸರದಿಂದ. "ಮೇಸ್ತ್ರಿಯೂ ಕೇಳಿದ್ದಾರೆ. ಅವರದೂ ಮುಷ್ಟಿನೇ ಬಂತು. ನೀನೇ ನೋಡಿದೆ." ಹೇಳುತ್ತ ಹೇಳುತ್ತ ಅವನ ದನಿ ಕುಸಿಯಿತು.

"ಮೇಸ್ತ್ರಿ ಮಾಮ ನಿಮ್ಮ ಮೊಣಕೈ ಯಾಕೆ ನೋಡ್ತಿದ್ರು?"

ಅವನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅದನ್ನೂ ಹೇಳಿದ. ಮೇಸ್ತ್ರಿಗೆ ವಯಸ್ಸಾಗಿ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ನಿವೃತ್ತಿಯವರೆಗೆ ಮುದುಕನ ಮಾನ ಉಳಿಯಲಿ ಎಂದು ಕೋಲಣ್ಣನೇ ಒಂದು ಸನ್ನೆ ಕಲಿಸಿದ್ದ. ಬೆನ್ನ ಹಿಂದೆ ಅಂಗೈ ಬಿಚ್ಚುವಾಗ ಮೊಣಕೈಯನ್ನು ಪಕ್ಕೆಯಿಂದ ಸ್ವಲ್ಪ ಹೊರಗೆ ಸರಿಸುವುದು. ಸರಿಯದಿದ್ದರೆ ಮುಷ್ಟಿ. ಪದ್ಧತಿಯೂ ಉಳಿಯಿತು, ಮುದುಕನ ಮಾನವೂ ಉಳಿಯಿತು. ತನ್ನ ಕಿವಿ ಎರಡಾಳಿಗೆ ಸಾಕು ಎಂದುಕೊಂಡಿದ್ದ. ಆ ಭಾರಕ್ಕೇ ಸೂಜಿ ಬೇಕಾಗಿತ್ತು.

ಅಂದರೆ ಆ ಭಾನುವಾರ ಶಿಶುವಿಹಾರದ ಬೀದಿಯನ್ನು ಯಾರೂ ಕೇಳಿರಲಿಲ್ಲ.

ಅವಳು ಎದ್ದಳು. ಗೋಡೆಯ ಗಡಿಯಾರ ನೋಡಿದಳು. ಅದು ಶಿಶುವಿಹಾರದಲ್ಲಿ ಮಕ್ಕಳು ಮಲಗುವ ಹೊತ್ತು. ಜಗುಲಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಚಾಪೆ ಹಾಸುವುದು ಅಲ್ಲೇ. ಗುಬ್ಬಿಯ ಜಾಗ ಮೂಲೆಯಲ್ಲಿ.

ಫೋನಿನಲ್ಲಿ ದೊಡ್ಡ ಟೀಚರ್ ಮೊದಲು ನಕ್ಕರು. "ಮತ್ತೆ ಶುರುವಾಯ್ತಾ? ಈಗ ತಾನೇ ಮಲಗಿಸಿದ್ದೀನಿ ತಾಯಿ, ಎಬ್ಬಿಸಿದರೆ ಊರು ಒಂದು ಮಾಡ್ತಾವೆ."

"ಎಬ್ಬಿಸಿ. ಮೂಲೆಯಲ್ಲಿರೋರನ್ನ ಮೊದಲು. ಎದುರಿನ ಮೈದಾನಕ್ಕೆ ಕರಕೊಂಡು ಹೋಗಿ."

"ನಿನ್ನ ಗಂಡನೇ ಒಣ ಅಂದಿದ್ದಾನಲ್ಲೇ!"

ಅವಳು ಫೋನನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಒಂದು ಕಿವಿಗೆ ಇಟ್ಟ, ಸರಿಹೋಗದೆ ಇನ್ನೊಂದಕ್ಕೆ ಇಟ್ಟ.

"ಟೀಚರ್, ನಂಗೆ ಕಿವಿ ಕೇಳ್ಸಲ್ಲ," ಎಂದ. "ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ."

ಆಚೆ ಕಡೆ ದೊಡ್ಡ ಟೀಚರರ ದೊಡ್ಡ ಗಂಟಲು ಮಕ್ಕಳ ಹೆಸರು ಕೂಗತೊಡಗಿತು.

ಅವರಿಬ್ಬರೂ ಬೀದಿ ತಲುಪುವಷ್ಟರಲ್ಲಿ ನೀರಿನ ಕಚೇರಿಯ ಜೀಪು ಬಂದಿತ್ತು. ದಾರಿಯಿಂದಲೇ ಅವನು ಇಂಜಿನಿಯರ್ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದ್ದ. ಸೂಜಿಯ ವಿಷಯ ಹೇಳುವಾಗ ಆಟೋದವನು ಕನ್ನಡಿಯಲ್ಲಿ ಹಿಂದೆ ನೋಡಿದ್ದ. ಮೈದಾನದ ಬೇಲಿಯ ಒಳಗೆ ಮಕ್ಕಳು ಕಣ್ಣುಜ್ಜುತ್ತ ಕೂತಿದ್ದವು. ಗುಬ್ಬಿ ಅಮ್ಮನನ್ನು ಕಂಡು ಅಳತೊಡಗಿತು. ಅವಳು ಮಗುವನ್ನು ಎತ್ತಿ ಎದೆಗವಚಿಕೊಂಡಳು, ಅಳು ನಿಂತರೂ ಇಳಿಸಲಿಲ್ಲ.

ಪಕ್ಕದ ವಲಯದಿಂದ ಇಬ್ಬರು ಕೇಳುವವರು ಬಂದಿದ್ದರು. ಸದ್ದಾಗದಂತೆ ಬೀದಿಯ ಎರಡೂ ತುದಿಯಲ್ಲಿ ವಾಹನಗಳನ್ನು ತಡೆದರು. ಒಬ್ಬಳು ಗೇಟಿನ ಎದುರಿನ ವಾಲ್ವಿಗೆ ಕೋಲಿಟ್ಟಳು. ಬಟ್ಟಲಿಗೆ ಕಿವಿ ತಾಗಿತೋ ಇಲ್ಲವೋ, ಕರೆಂಟು ಹೊಡೆದವಳಂತೆ ತಲೆ ಹಿಂದಕ್ಕೆಳೆದುಕೊಂಡಳು. ಏನೂ ಹೇಳದೆ ಪಕ್ಕಕ್ಕೆ ಸರಿದಳು. ಇನ್ನೊಬ್ಬ ಕೇಳಿದ. ಬೆನ್ನ ಹಿಂದೆ ಕೈ ಕಟ್ಟಿದರು.

ಎರಡು ಅಂಗೈ.

ಕೋಲಣ್ಣ ಅದನ್ನು ನೋಡಿ ರಸ್ತೆಯಂಚಿನಲ್ಲಿ ಕುಕ್ಕರಿಸಿದ. ಮೇಸ್ತ್ರಿ ಯಾವಾಗಲೋ ಬಂದು ಸ್ವಲ್ಪ ದೂರದಲ್ಲಿ ನಿಂತಿದ್ದ. ಮೊದಲ ಬಾರಿಗೆ ಅವನ ಬಾಯಲ್ಲಿ ಕೀಟಲೆಯಿರಲಿಲ್ಲ. "ಏನಂದ್ರು? ಏನಂದ್ರು?" ಎಂದು ಪಕ್ಕದವರನ್ನು ಕೇಳುತ್ತಿದ್ದ. ಕೈ ನೋಡಿದ್ದರೂ ಕೇಳುತ್ತಿದ್ದ.

ಮೇಲಿನ ವಾಲ್ವು ಮುಚ್ಚಿಸಿ, ಜಗುಲಿಯ ಮೂಲೆಯ ಎರಡು ಟೈಲ್ಸ್ ಎಬ್ಬಿಸಿದರು. ಕೆಳಗೆ ಒಂದು ಗೇಣು ಗಾರೆ. ಗಾರೆಯ ಕೆಳಗೆ ಮಣ್ಣಿರಲಿಲ್ಲ. ಇಂಜಿನಿಯರ್ ಮೇಡಂ ಟಾರ್ಚ್ ಬಿಟ್ಟು ನೋಡಿದರು. ಬೆಳಕು ಕೆಳಗೆ ಕೆಳಗೆ ಹೋಗಿ, ಕೊನೆಗೆ ಕೆಂಪು ನೀರಿನ ಮೇಲೆ ಅಲುಗಾಡಿತು. ಪೈಪಿನಿಂದ ಚಿಮ್ಮಿದ ನೀರು ಮಣ್ಣನ್ನೆಲ್ಲ ಇಳಿಜಾರಿನ ಮೋರಿಗೆ ಒಯ್ದಿತ್ತು. ಒಂದು ಕೋಣೆಯಷ್ಟು ಜಾಗ. ಆಳು ಇಳಿದು ನಿಲ್ಲಬಹುದಿತ್ತು. ಮೇಲಿನ ಗಾರೆ ಯಾವ ಆಧಾರದ ಮೇಲೆ ನಿಂತಿತ್ತೋ ಯಾರಿಗೂ ಹೇಳಲಾಗಲಿಲ್ಲ.

ದೊಡ್ಡ ಟೀಚರ್ ಅವಳ ಕೈ ಹಿಡಿದುಕೊಂಡರು. ಆಮೇಲೆ ಮಕ್ಕಳ ತಲೆ ಎಣಿಸತೊಡಗಿದರು. ಎಣಿಸಿ ಮುಗಿಸಿ ಮತ್ತೆ ಎಣಿಸಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ಅವಳು. ಮಗು ಕೈಯಲ್ಲಿದೆ, ಮಕ್ಕಳು ಬೇಲಿಯೊಳಗಿದ್ದಾರೆ, ಗಂಡ ಚಿಕಿತ್ಸೆಗೆ ಒಪ್ಪಿದ್ದಾನೆ. ಅಷ್ಟರಲ್ಲಿ ಇಂಜಿನಿಯರ್ ಮೇಡಂ ಜೀಪಿನ ಬಾನೆಟ್ಟಿನ ಮೇಲೆ ಊರಿನ ನಕ್ಷೆ ಹರಡಿ, "ಇಲ್ಲಿ ಬಾ," ಎಂದು ಕೋಲಣ್ಣನನ್ನು ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು.

"ಕಿವಿಯಲ್ಲಿ ಸದ್ದು ನಿಲ್ಲದೆ ಇರೋದು ಯಾವಾಗಿಂದ? ಸರಿಯಾಗಿ ಹೇಳು."

ಅವನು ಹೆಂಡತಿಯ ಕಡೆ ನೋಡಿದ. ಆಮೇಲೆ ನಕ್ಷೆಯ ಕಡೆ.

"ಚಳಿಗಾಲದಿಂದ ಮೇಡಂ."

"ಹೋದ ಚಳಿಗಾಲ?"

"ಅಲ್ಲ. ಅದರ ಹಿಂದಿನದು."

ಮೇಡಂ ಪೆನ್ಸಿಲ್ ಅವನ ಕೈಗೆ ಕೊಟ್ಟರು. "ಆವಾಗಿಂದ ಇವತ್ತಿನವರೆಗೆ ಮುಷ್ಟಿ ತೋರಿಸಿದ ಬೀದಿಗಳನ್ನೆಲ್ಲ ಗುರುತು ಹಾಕು."

ಅವನು ಬಗ್ಗಿದ. ಶಿಶುವಿಹಾರದ ಬೀದಿ. ಮೈದಾನದ ಹಿಂದಿನದು. ಬಸ್ ನಿಲ್ದಾಣದ್ದು. "ಆಸ್ಪತ್ರೆ ಹಿಂಭಾಗದ್ದು ಇದು... ತರಕಾರಿ ಮಾರುಕಟ್ಟೆ... ಇದು ನೆನಪಿಲ್ಲ ಮೇಡಂ, ಇರಬಹುದು."

"ನೆನಪಿಲ್ಲ ಅಂದ್ರೆ ಅದಕ್ಕೂ ಹಾಕ್ರೀ," ಎಂದಳು ಅವಳು.

ಅವನು ಹಾಕಿದ. ಮೇಡಂ ಒಂದು ಕೈಯಲ್ಲಿ ಫೋನ್ ಹಿಡಿದು ಯಾರನ್ನೋ ಎಬ್ಬಿಸುತ್ತಿದ್ದರು, ಯಾರನ್ನೋ ಗದರುತ್ತಿದ್ದರು, ಇನ್ನಷ್ಟು ಕೇಳುವವರನ್ನು ಎಲ್ಲಿಂದಾದರೂ ತರಿಸಿ ಎನ್ನುತ್ತಿದ್ದರು. ಪೆನ್ಸಿಲ್ಲಿನ ಮೊನೆ ಮುರಿಯಿತು. ಯಾರೋ ಪೆನ್ನು ಕೊಟ್ಟರು. ಬೀದಿಯ ತುದಿಯಲ್ಲಿ ತಡೆದ ಬಸ್ಸೊಂದು ಹಾರ್ನ್ ಮಾಡಿ ಮಾಡಿ, ಬೇಸತ್ತು, ಪಕ್ಕದ ರಸ್ತೆಗೆ ತಿರುಗಿಕೊಂಡಿತು. ಆ ರಸ್ತೆಯ ಮೇಲೂ ಈಗಷ್ಟೇ ಹಾಕಿದ ಗುರುತಿತ್ತು.

ಸಂಜೆಯಾಗುತ್ತಿತ್ತು. ಗುಬ್ಬಿ ಭುಜದ ಮೇಲೆ ನಿದ್ದೆ ಹೋಗಿತ್ತು, ಮೈ ಭಾರವಾಗಿತ್ತು, ಮನೆಗೆ ಕರೆದೊಯ್ದು ಮಲಗಿಸಬೇಕಿತ್ತು. ಅವಳು ಗಂಡನ ಪಕ್ಕದಲ್ಲಿ ನಕ್ಷೆಯ ಮೇಲೆ ಬಾಗಿದಳು. ಅವನು ಇನ್ನೂ ಗುರುತು ಹಾಕುತ್ತಲೇ ಇದ್ದ. ಇಲ್ಲಿಂದ ಮನೆಯವರೆಗೆ, ಗುರುತಿಲ್ಲದ ಒಂದು ದಾರಿಗಾಗಿ, ಅವಳ ಬೆರಳು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಸರಿಯುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು.